ಪಾಯಕ್ಕೆ ಮೊದಲು ಚರಂಡಿ: ಇಳಿಜಾರು ಸೈಟಿನಲ್ಲಿ ಮನೆ ಕಟ್ಟುವವರಿಗೆ

ಗುಡ್ಡ ಕುಸಿಯುವುದೆಲ್ಲ ಕೊಡಗು, ಮಲೆನಾಡಿನ ಪಾಡು, ನಮ್ಮ ಮೈಸೂರು-ಮಂಡ್ಯದ ಕಡೆ ಅಷ್ಟು ಮಳೆ ಎಲ್ಲಿದೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಮಳೆ ಕಡಿಮೆ ಅನ್ನುವುದು ನಿಜ. ವರ್ಷಕ್ಕೆ ಹೆಚ್ಚುಕಡಿಮೆ 700-800 ಮಿಲಿಮೀಟರ್ ಅಷ್ಟೇ. ಆದರೆ ಅದು ಬರುವ ರೀತಿ ನೋಡಿ. ಮೇ ತಿಂಗಳಲ್ಲಿ ಗುಡುಗು ಮಳೆ, ಆಮೇಲೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಸಂಜೆ ಹೊತ್ತಿನ ಜಡಿಮಳೆ. ಒಂದೆರಡು ಗಂಟೆಯಲ್ಲಿ ಸುರಿದು ಮುಗಿಯುತ್ತದೆ. ಕೆಮ್ಮಣ್ಣು ಅಷ್ಟು ಬೇಗ ನೀರು ಕುಡಿಯುವುದಿಲ್ಲ, ಮಿಕ್ಕಿದ್ದೆಲ್ಲ ಇಳಿಜಾರು ಹಿಡಿದು ಓಡುತ್ತದೆ. 2021ರ ಅಕ್ಟೋಬರ್ ಮಳೆಗೆ ಚಾಮುಂಡಿ ಬೆಟ್ಟದಲ್ಲಿ ನಂದಿಯ ಕಡೆ ಹೋಗುವ ರಸ್ತೆಯ ಬದಿ ಕುಸಿದು ಸಂಚಾರವೇ ನಿಂತಿತ್ತು.

ಈಗ ಬೆಟ್ಟದ ತಪ್ಪಲಿನಲ್ಲಿ, ಮೇಲುಕೋಟೆ-ಪಾಂಡವಪುರದ ಗುಡ್ಡಗಳ ಮಗ್ಗುಲಲ್ಲಿ, ನಾಲೆ ಏರಿಯ ಕೆಳಗೆ ಸೈಟು, ತೋಟದ ಮನೆ ಮಾಡುವವರು ಜಾಸ್ತಿಯಾಗಿದ್ದಾರೆ. ಇಂಥ ಕಡೆ ದುಡ್ಡು ಖರ್ಚಾಗುವ ಕ್ರಮವೇ ತಲೆಕೆಳಗು. ಮೊದಲು ಪಾಯ, ಗೋಡೆ, ಆರ್‌ಸಿಸಿ, ಮುಂದಿನ ಎಲಿವೇಶನ್, ಕೊನೆಗೆ ದುಡ್ಡು ಉಳಿದರೆ ಚರಂಡಿ. ನಾನು ಹೇಳುವುದು ಇದರ ಉಲ್ಟಾ. ಪಾಯ ತೋಡುವ ಮುಂಚೆಯೇ ಮೇಲಿಂದ ಬರುವ ನೀರಿಗೆ ದಾರಿ ಆಗಿರಬೇಕು.

ನೀರಿನ ಹಳೇ ದಾರಿ ಹುಡುಕಿ

ಸೈಟನ್ನು ಬಿಸಿಲಲ್ಲಿ ನೋಡಿ ಬಂದರೆ ಏನೂ ಗೊತ್ತಾಗುವುದಿಲ್ಲ. ಒಂದು ಜೋರು ಮಳೆಯಲ್ಲಿ ಕೊಡೆ ಹಿಡಿದು ಅಲ್ಲಿ ನಿಂತು ನೋಡಿ. ಎಲ್ಲಿಂದ ಇಳಿಯುತ್ತದೆ, ಎಲ್ಲಿ ಸೇರುತ್ತದೆ, ಎಲ್ಲಿ ಮಣ್ಣು ಕೊಚ್ಚಿಕೊಂಡು ಕೆಂಪಾಗಿ ಹರಿಯುತ್ತದೆ ಎಂಬುದನ್ನು ಫೋನಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ಮಳೆ ಸಿಗದಿದ್ದರೆ ಗುರುತು ಓದಬೇಕು. ಸಣ್ಣ ಕೊರಕಲುಗಳು, ಬೇಲಿ ಬುಡದಲ್ಲಿ ಸಿಕ್ಕಿಕೊಂಡ ತರಗೆಲೆ, ಮರದ ಬೇರು ಹೊರಗೆ ಕಾಣುವುದು, ತಗ್ಗಿನಲ್ಲಿ ನುಣ್ಣನೆ ಮರಳಿನ ಹಾಸು. ಬೇಸಿಗೆಯಲ್ಲೂ ಒಂದೇ ಕಡೆ ಹಸಿರು ಹುಲ್ಲು ನಿಂತಿದ್ದರೆ ಅಲ್ಲಿ ಒರತೆ ಇದೆ ಎಂದೇ ತಿಳಿಯಿರಿ.

ಆಮೇಲೆ ಕಾಗದ. ಗ್ರಾಮ ನಕ್ಷೆಯಲ್ಲಿ ಹಳ್ಳದ ಗೆರೆ ಎಲ್ಲಿ ಹೋಗಿದೆ ನೋಡಿ. ಪಹಣಿಯಲ್ಲಿ ಬಿ ಖರಾಬು, ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ, ಎಷ್ಟು ಬರೆದಿದ್ದಾರೆ ನೋಡಿ, ಹಳ್ಳ, ದಾರಿ ಎಲ್ಲ ಅದರಲ್ಲೇ ಬರುತ್ತವೆ. ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡರೆ ನೀವು ನಿಂತ ಜಾಗ ಯಾವ ಸರ್ವೆ ನಂಬರಿನದು ಎಂದು ಅಲ್ಲೇ ತಿಳಿಯುತ್ತದೆ. ಲೇಔಟ್ ಮಾಡಿದವರು ಹಳ್ಳ ಮುಚ್ಚಿ ಮಟ್ಟ ಮಾಡಿದ್ದರೂ ನಕ್ಷೆಯಲ್ಲಿ ಗೆರೆ ಹಾಗೇ ಇರುತ್ತದೆ. ಕಾಗದಕ್ಕಿಂತ ಜಾಸ್ತಿ ಹೇಳುವವರು ಪಕ್ಕದ ಹೊಲದ ಹಿರಿಯರು. "ಗೌಡ್ರೇ, ಮಳೆ ಬಂದ್ರೆ ಇಲ್ಲಿ ನೀರು ಹೆಂಗೆ ಇಳಿಯುತ್ತೆ?" ಎಂದು ಕೇಳಿ. "ಅಯ್ಯೋ, ಇಲ್ಲೇ ಹಳ್ಳ ಇತ್ತು ಕಣಪ್ಪ" ಅಂದರೆ, ಆ ಜಾಗದಲ್ಲಿ ಮನೆ ಬೇಡ. ನಕ್ಷೆ ತಯಾರಿಸುವ ಹಂತದಲ್ಲೇ ಮನೆಯನ್ನು ಪಕ್ಕಕ್ಕೆ ಸರಿಸಿಬಿಡಿ.

ನಾಲೆ ಬಯಲಿನವರಿಗೆ ಇನ್ನೊಂದು ಮಾತು. ವಿಶ್ವೇಶ್ವರಯ್ಯ ನಾಲೆಯ ಜಾಲ ಇರುವ ಕಡೆ, ನಾಲೆಗಿಂತ ತಗ್ಗಿನ ಸೈಟಿಗೆ ಮಳೆಯೇ ಬೇಕಿಲ್ಲ. ನಾಲೆಗೆ ನೀರು ಬಿಟ್ಟಾಗ ಒಸರು ಶುರುವಾಗಬಹುದು. ನೀರು ಬಿಟ್ಟು ಎರಡು ಮೂರು ವಾರವಾದ ಮೇಲೆ ಹೋಗಿ ನೋಡಿ, ಒಂದು ಗುಂಡಿ ತೋಡಿಸಿ ಒಳಗೆ ನೀರು ಎಷ್ಟು ಅಡಿಗೆ ನಿಲ್ಲುತ್ತದೆ ಗಮನಿಸಿ.

ಇಳಿಜಾರು ಎಷ್ಟು, ಅಂತರ ಎಷ್ಟು

ಗಾರೆ ಕೆಲಸದವರ ಬಳಿ ಇರುವ ಟ್ಯೂಬ್ ಲೆವೆಲ್ ಸಾಕು. ಗುಳ್ಳೆ ಇಲ್ಲದಂತೆ ನೀರು ತುಂಬಿ, ಮೇಲೊಂದು ಗೂಟ, ಕೆಳಗೊಂದು ಗೂಟ ಹೊಡೆದು ಎತ್ತರದ ವ್ಯತ್ಯಾಸ ಅಳೆಯಿರಿ. ಅಡ್ಡಕ್ಕೆ 30 ಅಡಿಯಲ್ಲಿ 10 ಅಡಿ ಇಳಿದರೆ ಅದು ಮೂರಕ್ಕೆ ಒಂದು. ಅಲ್ಲಿಂದ ಮುಂದೆ ಕಡಿದಾದ ಇಳಿಜಾರು ಎಂದೇ ಲೆಕ್ಕ.

ಅಂತರಕ್ಕೆ ಅಮೆರಿಕದ ಕಟ್ಟಡ ಸಂಹಿತೆಯಲ್ಲಿ ಒಂದು ಸುಲಭ ಲೆಕ್ಕವಿದೆ. ಇಳಿಜಾರಿನ ಬುಡದಲ್ಲಿ ಕಟ್ಟುವುದಾದರೆ ಅದರ ಎತ್ತರದ ಅರ್ಧದಷ್ಟು ದೂರ ಬಿಡಿ, ಆದರೆ ಹೆಚ್ಚೆಂದರೆ 15 ಅಡಿ ಬಿಟ್ಟರೆ ಸಾಕು. ಇಳಿಜಾರಿನ ನೆತ್ತಿಯಲ್ಲಿ ಕಟ್ಟುವುದಾದರೆ ಪಾಯವನ್ನು ಎತ್ತರದ ಮೂರನೇ ಒಂದು ಭಾಗದಷ್ಟು ಒಳಕ್ಕೆ ಇಡಿ, ಇಲ್ಲಿ ಗರಿಷ್ಠ 40 ಅಡಿ. ಇದು ನಮ್ಮ ಪಂಚಾಯಿತಿಯ ನಿಯಮವಲ್ಲ, ಆದರೆ ನಕ್ಷೆ ಹಿಡಿದು ಎಂಜಿನಿಯರ್ ಹತ್ತಿರ ಕೂತಾಗ ಮಾತು ಶುರು ಮಾಡಲು ಒಳ್ಳೆಯ ಅಳತೆ. 30×40 ಸೈಟಿನಲ್ಲಿ ಇಷ್ಟು ಜಾಗ ಬಿಡಲು ಆಗುವುದಿಲ್ಲ ಎಂದಾದರೆ, ಆ ಸೈಟಿನ ಬೆಲೆ ಯಾಕೆ ಕಡಿಮೆ ಇತ್ತು ಎಂಬುದು ಆಗ ಅರ್ಥವಾಗುತ್ತದೆ.

ಬರುವ ನೀರನ್ನು ಲೆಕ್ಕ ಹಾಕಿ

ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ಇಷ್ಟು ನೆನಪಿಟ್ಟುಕೊಂಡರೆ ಸಾಕು.

30×40 ಸೈಟು ಎಂದರೆ ಸುಮಾರು 111 ಚದರ ಮೀಟರ್. 50 ಮಿಲಿಮೀಟರ್ ಮಳೆಗೆ ಸುಮಾರು 5,500 ಲೀಟರ್, ಹತ್ತಿರ ಹತ್ತಿರ ಒಂದು ಟ್ಯಾಂಕರ್. ಇದು ನಿಮ್ಮ ಸೈಟಿನ ನೀರು ಮಾತ್ರ. ಮೇಲೆ 20 ಗುಂಟೆ ಗುಡ್ಡದ ನೀರು ನಿಮ್ಮ ಕಡೆ ಇಳಿಯುತ್ತದೆ ಎಂದಿಟ್ಟುಕೊಳ್ಳಿ. 20 ಗುಂಟೆ ಎಂದರೆ ಸುಮಾರು 2,000 ಚದರ ಮೀಟರ್. ಗಂಟೆಗೆ 60 ಮಿಲಿಮೀಟರ್ ರಭಸದಲ್ಲಿ ಮಳೆ ಹೊಡೆದು, ಅದರಲ್ಲಿ ಅರ್ಧ ಮಣ್ಣಿಗೆ ಇಳಿದರೂ ಉಳಿದ ಅರ್ಧ ಸೆಕೆಂಡಿಗೆ 16-17 ಲೀಟರ್ ಲೆಕ್ಕದಲ್ಲಿ ನಿಮ್ಮ ಹಿಂದಿನ ಗೋಡೆಗೆ ಬಂದು ಬಡಿಯುತ್ತದೆ. ಬರೀ ಬಂಡೆ ಇರುವ ಗುಡ್ಡವಾದರೆ ಅರ್ಧವಲ್ಲ, ಹೆಚ್ಚುಕಡಿಮೆ ಪೂರ್ತಿ. ಮೇಲುಕೋಟೆಯಲ್ಲಿ ಹಿಂದಿನವರು ಬಂಡೆ ಮೇಲಿಂದ ಇಳಿಯುವ ನೀರಿಗೆ ಸಾಲು ಸಾಲು ಕೊಳ ಕಟ್ಟಿದ್ದರು. ನಾವು ಅದೇ ನೀರಿನ ದಾರಿಗೆ ಅಡ್ಡವಾಗಿ ಕಾಂಪೌಂಡ್ ಕಟ್ಟುತ್ತೇವೆ.

ಮೇಲ್ಬದಿಯ ಅಡ್ಡ ಚರಂಡಿ

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. ಮನೆಯ ಹಿಂದೆ, ಮಣ್ಣು ಕಡಿಯುವ ಜಾಗಕ್ಕಿಂತ ಮೇಲೆ, ಇಳಿಜಾರಿಗೆ ಅಡ್ಡಲಾಗಿ ಒಂದು ಚರಂಡಿ. ಗುಡ್ಡದಿಂದ ಬರುವ ನೀರನ್ನು ಅದು ಮಧ್ಯದಲ್ಲೇ ಹಿಡಿದು ಪಕ್ಕಕ್ಕೆ ಒಯ್ಯಬೇಕು.

ಕಡಿತದ ಅಂಚಿಗೆ ತೀರ ಹತ್ತಿರ ತೋಡಬೇಡಿ. ಕನಿಷ್ಠ ಆರೇಳು ಅಡಿ ಬಿಡಿ. ಅಂಚಿನಲ್ಲೇ ಇದ್ದರೆ ಚರಂಡಿಯಿಂದ ಸೋರುವ ನೀರೇ ಅಂಚನ್ನು ಸಡಿಲ ಮಾಡುತ್ತದೆ. ಗಾತ್ರದ ವಿಷಯಕ್ಕೆ ಬಂದರೆ, ಮೇಲೆ ಹೇಳಿದ 20 ಗುಂಟೆ ನೀರಿಗೆ ಒಂದಡಿ ಅಗಲ, ಒಂದಡಿ ಆಳ ಲೆಕ್ಕದ ಪ್ರಕಾರ ಧಾರಾಳ. ಆದರೂ ಅಗಲವನ್ನು ಒಂದೂವರೆ ಅಡಿ ಮಾಡಿ. ಎಲೆ, ಮರಳು ತುಂಬಿದರೂ ನೀರಿಗೆ ಜಾಗ ಉಳಿಯುತ್ತದೆ, ಒಳಗೆ ಗುದ್ದಲಿ ಆಡುತ್ತದೆ. ಗುದ್ದಲಿ ಹಿಡಿಸದ ಚರಂಡಿಯನ್ನು ಯಾರೂ ಕ್ಲೀನ್ ಮಾಡುವುದಿಲ್ಲ.

ಚರಂಡಿಯ ಓಟ, ಅಂದರೆ ತಳದ ಇಳಿತ, 100 ಅಡಿಗೆ 1 ಅಡಿಯಿಂದ 2 ಅಡಿ ಇರಲಿ. ಅದಕ್ಕಿಂತ ಕಡಿಮೆಯಾದರೆ ಹೂಳು ಕೂರುತ್ತದೆ. ಜಾಸ್ತಿಯಾದರೆ ಮಣ್ಣಿನ ಚರಂಡಿ ತನ್ನ ತಳವನ್ನೇ ಕೊರೆದುಕೊಂಡು ಎರಡು ಮಳೆಗಾಲದಲ್ಲಿ ಕಂದಕವಾಗುತ್ತದೆ. ಕಣ್ಣಂದಾಜು ಬೇಡ. ಟ್ಯೂಬ್ ಲೆವೆಲ್ ಹಿಡಿದು ಪ್ರತಿ ಹತ್ತಡಿಗೆ ಗೂಟ ಹೊಡೆದು, ದಾರ ಕಟ್ಟಿಯೇ ತೋಡಿಸಿ. ಗುಡ್ಡದ ಮೇಲೆ ನಿಂತಾಗ ಕಣ್ಣು ಮೋಸ ಮಾಡುತ್ತದೆ, ಏರು ಇರುವ ಕಡೆ ಇಳಿಜಾರು ಕಾಣುತ್ತದೆ.

ತಳಕ್ಕೂ ಪಕ್ಕಕ್ಕೂ ಸೈಜುಗಲ್ಲು ಅಥವಾ ಕಾಂಕ್ರೀಟ್ ಹಾಕಿಸಿ. ತೋಟದಲ್ಲಾದರೆ ನೀರು ಇಂಗಲಿ ಎಂದು ಕಚ್ಚಾ ಕಾಲುವೆ ಬಿಡುತ್ತೇವೆ, ಅದು ಸರಿ. ಮನೆಯ ನೆತ್ತಿಯ ಮೇಲೆ ಇಂಗಿಸುವುದು ಅಪಾಯ. ಇಂಗಿದ ನೀರು ಕೆಮ್ಮಣ್ಣು ದಾಟಿ ಕೆಳಗಿನ ಗೊರಚು (ಶಿಥಿಲವಾದ ಕಲ್ಲಿನ ಗಟ್ಟಿ ಪದರ) ಮುಟ್ಟಿ, ಅವೆರಡರ ನಡುವೆ ಜಾರುತ್ತಾ ನಿಮ್ಮ ತಡೆಗೋಡೆಯ ಹಿಂದೆಯೇ ಬಂದು ನಿಲ್ಲುತ್ತದೆ.

ಚರಂಡಿ ಕೊನೆಗೆ ಕೆಳಗಿಳಿಯಲೇಬೇಕು. ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಲ್ಲಿನಲ್ಲಿ ಕಟ್ಟಿ. ಪ್ರತಿ ಮೆಟ್ಟಿಲಿನಲ್ಲೂ ನೀರು ಬಿದ್ದು ರಭಸ ಕಳೆದುಕೊಳ್ಳುತ್ತದೆ. ಬುಡದಲ್ಲಿ ಎರಡಡಿ ಚೌಕದ ಹೂಳು ಗುಂಡಿ ಮಾಡಿ. ಆದಷ್ಟೂ ತೆರೆದ ಚರಂಡಿಯೇ ಇರಲಿ, ಕಟ್ಟಿಕೊಂಡರೆ ಕಣ್ಣಿಗೆ ಬೀಳುತ್ತದೆ. ಪೈಪು ಹಾಕಲೇಬೇಕಾದ ಕಡೆ 6 ಇಂಚಿಗಿಂತ ಕಮ್ಮಿ ಬೇಡ, ಬಾಯಿಗೆ ಜಾಲರಿ ಇರಲಿ.

ಮಣ್ಣು ಕಡಿಯುವ ಕಾಲ, ಕಡಿಯುವ ರೀತಿ

ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಕಡಿತ, ತುಂಬುವಿಕೆ, ತಡೆಗೋಡೆ ಮೂರೂ ಮುಗಿಯುವಂತೆ ನೋಡಿಕೊಳ್ಳಿ. ಆಷಾಢ ಕಳೆದು ಶ್ರಾವಣದಲ್ಲಿ ಗುದ್ದಲಿ ಪೂಜೆ ಮಾಡಿ, ಸೆಪ್ಟೆಂಬರ್‌ಗೆ ಜೆಸಿಬಿ ತಂದು ಗುಡ್ಡ ಸೀಳುವುದು ನಮ್ಮ ಕಡೆ ಮಾಮೂಲು. ಮುಂದಿನ ತಿಂಗಳು ಅಕ್ಟೋಬರ್ ಮಳೆ ಬಂದಾಗ ಸೈಟು ಗಾಯ ಬಾಯ್ಬಿಟ್ಟುಕೊಂಡು ಕೂತಿರುತ್ತದೆ. ಪೂಜೆ ಬೇಕಾದರೆ ಮುಹೂರ್ತಕ್ಕೇ ಮಾಡಿ, ಜೆಸಿಬಿ ಮಾತ್ರ ಚಳಿಗಾಲಕ್ಕೆ ಕರೆಸಿ.

ಜೆಸಿಬಿಯವರು ನೆಟ್ಟಗೆ ಗೋಡೆಯಂತೆ ಕಡಿದು ಹೋಗುತ್ತಾರೆ. ಕೇಳಿದರೆ "ಏನಾಗಲ್ಲ ಸಾರ್, ಗಟ್ಟಿ ಮಣ್ಣು" ಎಂಬ ಉತ್ತರ. ಮಾರ್ಚ್‌ನಲ್ಲಿ ಅದು ನಿಜವೂ ಹೌದು. ಅರೆಬರೆ ತೇವ ಇರುವ ಕೆಮ್ಮಣ್ಣಿನಲ್ಲಿ ಆ ಅಲ್ಪ ತೇವವೇ ಕಣಗಳನ್ನು ಒಂದಕ್ಕೊಂದು ಎಳೆದು ಹಿಡಿದಿರುತ್ತದೆ. ಪೂರ್ತಿ ನೆನೆದ ದಿನ ಆ ಹಿಡಿತ ಹೋಗುತ್ತದೆ, ಹತ್ತಡಿ ಕಡಿತ ಒಂದೇ ಏಟಿಗೆ ಕೆಳಗೆ. ಗೋಡೆ ಕಟ್ಟದೆ ಹಾಗೇ ಬಿಡುವ ಕಡಿತಕ್ಕೆ 1 ಅಡಿ ಎತ್ತರಕ್ಕೆ ಒಂದೂವರೆ ಅಡಿ ಅಡ್ಡ ಇರಲಿ. ತುಂಬಿದ ಮಣ್ಣಾದರೆ ಎರಡು ಅಡಿ. ಗಟ್ಟಿ ಗೊರಚು ಇನ್ನಷ್ಟು ಕಡಿದಾಗಿ ನಿಲ್ಲಬಹುದು, ಆದರೆ ಅದನ್ನು ಮಣ್ಣು ನೋಡಿದ ಎಂಜಿನಿಯರ್ ಹೇಳಬೇಕು, ಡ್ರೈವರ್ ಅಲ್ಲ. ಐದಡಿಗಿಂತ ಆಳದ ನೆಟ್ಟನೆ ಕಡಿತದ ಬುಡದಲ್ಲಿ ಆಸರೆ ಕೊಡದೆ ಕೂಲಿಯವರನ್ನು ಇಳಿಸಬೇಡಿ. ಮಣ್ಣು ಬಿದ್ದರೆ ಓಡಲು ಸಮಯ ಸಿಗುವುದಿಲ್ಲ.

ತೆಗೆದ ಮಣ್ಣನ್ನು ಇಳಿಜಾರಿನ ಅಂಚಿಗೆ ಸುಮ್ನೆ ಸುರಿಯುವುದೂ ದೊಡ್ಡ ತಪ್ಪು. ಅದೇ ಮಣ್ಣಿನಿಂದ ಮುಂದೆ ಮಟ್ಟ ಮಾಡಿಕೊಳ್ಳುವುದಾದರೆ, ಹಳೆಯ ನೆಲದ ಹುಲ್ಲು-ಬೇರು ಕೆತ್ತಿ, ನೆಲವನ್ನು ಮೆಟ್ಟಿಲಿನಂತೆ ಕಡಿದು, ಅದರ ಮೇಲೆ ಪದರ ಪದರವಾಗಿ ತುಂಬಿ. ಒಂದು ಪದರ 6 ಇಂಚು, ಹೆಚ್ಚೆಂದರೆ 8. ಮಣ್ಣು ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಬೇಕು, ಕೈಗೆ ನೀರು ಹತ್ತಬಾರದು. ಅಷ್ಟು ತೇವ ನೋಡಿಕೊಂಡು ರೋಲರ್ ಅಥವಾ ಕಂಪ್ಯಾಕ್ಟರ್ ಓಡಿಸಿ. ಜೆಸಿಬಿ ಬಕೆಟ್ಟಿನಿಂದ ತಟ್ಟಿದರೆ ಮೇಲ್ಗಡೆ ನುಣ್ಣಗಾಗುತ್ತದೆ ಅಷ್ಟೇ. ಮನೆಯ ಪಾಯ ಮಾತ್ರ ತುಂಬಿದ ಮಣ್ಣಿನ ಮೇಲೆ ಕೂರಬಾರದು, ಅದನ್ನು ದಾಟಿ ಮೂಲ ನೆಲಕ್ಕೆ ಇಳಿಯಬೇಕು.

ಕೆಲಸದ ನಡುವೆ ಮೋಡ ಕಟ್ಟಿದರೆ ಕಡಿತದ ಮೇಲೆ ಟಾರ್ಪಾಲಿನ್ ಹೊದಿಸಿ, ಅಂಚುಗಳಿಗೆ ಮರಳು ಚೀಲ ಇಡಿ. ಕೆಳಗಡೆ ಚೀಲಗಳ ಸಾಲೊಂದಿದ್ದರೆ ನಿಮ್ಮ ಕೆಂಪು ನೀರು ಎದುರು ಮನೆಯವರ ಬಾಗಿಲಿಗೆ ಹೋಗುವುದಿಲ್ಲ.

ತಡೆಗೋಡೆ ಬೀಳುವುದು ನೀರಿನಿಂದ

ಗೋಡೆ ದಪ್ಪ ಮಾಡಿದರೆ ಆಯಿತು ಎಂದು ನಂಬಿಕೆ. ಲೆಕ್ಕ ನೋಡಿ. 2 ಮೀಟರ್ ಎತ್ತರದ ಗೋಡೆಯ ಹಿಂದೆ ಒಣ ಮಣ್ಣಿದ್ದರೆ, ಒಂದು ಮೀಟರ್ ಉದ್ದಕ್ಕೆ ಅದು ತಳ್ಳುವ ಬಲ ಸುಮಾರು 1.2 ಟನ್. ಅದೇ ಗೋಡೆಯ ಹಿಂದೆ ನೀರು ತುಂಬಿ ನಿಂತರೆ ನೀರೊಂದೇ 2 ಟನ್ ತಳ್ಳುತ್ತದೆ, ಮಣ್ಣಿನದೂ ಸೇರಿದರೆ 2.6 ಟನ್ ದಾಟುತ್ತದೆ. ಗೋಡೆ ಅದೇ, ಭಾರ ಎರಡು ಪಟ್ಟಿಗೂ ಮೀರಿ. ಆದ್ದರಿಂದ ದುಡ್ಡನ್ನು ಕಲ್ಲಿಗಿಂತ ಮೊದಲು ಜಲ್ಲಿ ಮತ್ತು ಪೈಪಿಗೆ ಹಾಕಿ.

ಗೋಡೆಯ ಬೆನ್ನಿಗೆ ತಳದಿಂದ ಮೇಲಿನವರೆಗೆ ಒಂದಡಿ ದಪ್ಪ ಜಲ್ಲಿ ತುಂಬಿ. ಜಲ್ಲಿಗೂ ಮಣ್ಣಿಗೂ ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಕಿ. ಇಲ್ಲದಿದ್ದರೆ ನುಣುಪು ಮಣ್ಣು ಜಲ್ಲಿಯ ಸಂದಿಗೆ ನುಗ್ಗಿ ಕೆಲವೇ ವರ್ಷದಲ್ಲಿ ಎಲ್ಲ ಗಟ್ಟಿಯಾಗುತ್ತದೆ. ಜಲ್ಲಿಯ ತಳದಲ್ಲಿ 4 ಇಂಚಿನ ತೂತು ಪೈಪು, ತೂತು ಕೆಳಮುಖವಾಗಿ, 100ಕ್ಕೆ 1ರ ಓಟದಲ್ಲಿ ಹೊರಗೆ ಬರಲಿ. ಗೋಡೆಯಲ್ಲಿ ನೀರು ಬಸಿಯುವ ತೂತುಗಳು ಮೂರರಿಂದ ಐದು ಅಡಿಗೊಂದು, ಕೆಳಗಿನ ಸಾಲು ಹೊರಗಿನ ನೆಲಮಟ್ಟಕ್ಕಿಂತ ಸ್ವಲ್ಪ ಮೇಲೆ. 3 ಇಂಚಿನ ಪಿವಿಸಿ ತುಂಡನ್ನು ಹೊರಗಡೆಗೆ ತುಸು ವಾಲಿಸಿ ಇಟ್ಟರೆ ಸಾಕು. ಎಷ್ಟೋ ಗೋಡೆಗಳಲ್ಲಿ ಈ ಪೈಪುಗಳು ತೋರಿಕೆಗೆ ಇರುತ್ತವೆ, ಹಿಂದೆ ಜಲ್ಲಿಯೇ ಇರುವುದಿಲ್ಲ. ಇನ್ನು ಕೆಲವು ಕಡೆ ಪೇಂಟ್ ಮಾಡುವಾಗ "ಚೆನ್ನಾಗಿ ಕಾಣಲ್ಲ" ಎಂದು ಸಿಮೆಂಟ್ ಮೆತ್ತಿರುತ್ತಾರೆ! ಜಲ್ಲಿಯ ಮೇಲ್ಭಾಗದ ಕೊನೆಯ ಒಂದಡಿಗೆ ಜೇಡಿಮಣ್ಣು ಹಾಕಿ ಅದುಮಿ, ಮೇಲಿನ ನೀರು ನೇರ ಒಳಗೆ ಇಳಿಯಬಾರದು.

ನಾಲ್ಕಡಿ ಮೀರಿದ ಯಾವುದೇ ತಡೆಗೋಡೆಗೆ ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಮಾಡಿಕೊಡಲಿ. ಒಂದೇ ಹನ್ನೆರಡು ಅಡಿ ಗೋಡೆಯ ಬದಲು ನಡುವೆ ಜಾಗ ಬಿಟ್ಟು ಎರಡು ಮೂರು ಮೆಟ್ಟಿಲಾಗಿ ಕಟ್ಟಬಹುದಾ ಎಂದೂ ಕೇಳಿ. ಜಾಗ ಇದ್ದವರಿಗೆ ಅದೇ ಒಳ್ಳೆಯದು, ನಡುವಿನ ಪಟ್ಟೆಯಲ್ಲಿ ಕರಿಬೇವು, ಮಲ್ಲಿಗೆ ಬೆಳೆದುಕೊಳ್ಳಬಹುದು.

ಮನೆಯದೇ ನೀರು

ಗುಡ್ಡದ ನೀರನ್ನು ತಿರುಗಿಸಿ, ಮನೆಯ ನೀರನ್ನು ಇಳಿಜಾರಿಗೆ ಬಿಟ್ಟರೆ ಏನು ಪ್ರಯೋಜನ? ಛಾವಣಿಯ ಪೈಪುಗಳು ಗಾಳಿಯಲ್ಲಿ ಕೊನೆಯಾಗಬಾರದು, ಚರಂಡಿಯವರೆಗೆ ಬರಬೇಕು. ಮನೆಯ ಸುತ್ತಲ ನೆಲ ಗೋಡೆಯಿಂದ ಹೊರಕ್ಕೆ 10 ಅಡಿಗೆ 6 ಇಂಚು ಇಳಿಯಲಿ. ಓವರ್‌ಹೆಡ್ ಟ್ಯಾಂಕ್, ಸಂಪು ತುಂಬಿ ಚೆಲ್ಲುವ ನೀರಿಗೂ ಪೈಪು ಬೇಕು, ಮೋಟಾರ್ ಆಫ್ ಮಾಡಲು ಮರೆಯದ ಮನೆ ಯಾವುದಿದೆ? ಇಂಗು ಗುಂಡಿ, ಶೌಚದ ಗುಂಡಿ ಇವೆರಡೂ ಇಳಿಜಾರಿನ ನೆತ್ತಿಯಲ್ಲಾಗಲಿ, ತಡೆಗೋಡೆಯ ಬೆನ್ನಿಗಾಗಲಿ ಬೇಡವೇ ಬೇಡ. ಮಳೆನೀರು ಇಂಗಿಸುವ ಆಸೆ ಒಳ್ಳೆಯದೇ, ಸೈಟಿನ ಅತಿ ತಗ್ಗಿನ ಮಟ್ಟಸ ಜಾಗದಲ್ಲಿ ಮಾಡಿ. ಇಲ್ಲವೇ ಟ್ಯಾಂಕಿಗೆ ತುಂಬಿಸಿ ಬಳಸಿ.

ಕೆಳಗಿನವರ ಮಾತು

ಮೇಲಿನ ಜಮೀನಿನಿಂದ ಸಹಜವಾಗಿ ಹರಿದು ಬರುವ ಮಳೆನೀರನ್ನು ಕೆಳಗಿನವರು ತಡೆಯುವಂತಿಲ್ಲ ಎಂಬುದನ್ನು 1882ರ ಈಸ್‌ಮೆಂಟ್ ಕಾಯ್ದೆಯೇ ಉದಾಹರಣೆ ಕೊಟ್ಟು ಹೇಳುತ್ತದೆ. ಆದರೆ ಗಮನಿಸಿ, ಅದು ಸಹಜವಾಗಿ ಹರಡಿಕೊಂಡು ಬರುವ ನೀರಿನ ಮಾತು. ನೀವು ಎಲ್ಲ ನೀರನ್ನೂ ಒಂದು ಪೈಪಿಗೆ ಕೂಡಿಸಿ ಅವರ ಗದ್ದೆ ಬದುವಿಗೆ ಹೊಡೆಸಿದರೆ ಈ ಕಾಯ್ದೆ ನಿಮ್ಮ ಬೆನ್ನಿಗೆ ಬರುತ್ತದೆ ಎಂದು ನಂಬಿ ಕೂರಬೇಡಿ. ಚರಂಡಿಯನ್ನು ರಸ್ತೆ ಮೋರಿಗೋ, ರಾಜಕಾಲುವೆಗೋ, ಹಳ್ಳಕ್ಕೋ ಸೇರಿಸಲು ಪಂಚಾಯಿತಿ ಅಥವಾ ಪಾಲಿಕೆಯಲ್ಲಿ ಮೊದಲೇ ಕೇಳಿ. ನೀರು ಹೊರಬೀಳುವ ಬಾಯಲ್ಲಿ ಐದಾರು ಅಡಿ ಉದ್ದಕ್ಕೆ ದಪ್ಪ ಬೋಲ್ಡರ್ ಹಾಸಿ. ಪಕ್ಕದವರ ಜೊತೆ ಕೂತು ಎರಡೂ ಸೈಟಿಗೆ ಸೇರಿ ಒಂದೇ ಚರಂಡಿ ಮಾಡಿಕೊಂಡರೆ ಖರ್ಚೂ ಅರ್ಧ, ಜಗಳವೂ ಇಲ್ಲ.

ಹುಲ್ಲು, ಲಾವಂಚ

ಬರಿ ಮಣ್ಣಿನ ಮೇಲೆ ಮಳೆಹನಿ ಹೊಡೆದಾಗಲೇ ಸವಕಳಿ ಶುರು. ಜೂನ್ ಮೊದಲ ಹದ ಮಳೆಗೆ ಗರಿಕೆ ನೆಟ್ಟುಬಿಡಿ. ಅದರ ಜೊತೆಗೆ ಲಾವಂಚ. ಗುಂಡ್ಲುಪೇಟೆ ಕಡೆಯ ರೈತರು ಹೊಲದ ಬದುವಿಗೆ ತಲೆಮಾರುಗಳಿಂದ ಲಾವಂಚ ಬೆಳೆಸುತ್ತಿದ್ದರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಮಣ್ಣು ಉಳಿಸಲು ಈ ಹುಲ್ಲನ್ನು ಬೇರೆ ದೇಶಗಳಿಗೂ ಹೇಳತೊಡಗಿದಾಗ ಆ ಬದುಗಳನ್ನೇ ಸಾಕ್ಷಿಯಾಗಿ ತೋರಿಸಿದರು. ಬೇರು ನೆಟ್ಟಗೆ ಕೆಳಕ್ಕೆ ಎರಡು ಮೂರು ಮೀಟರ್ ಇಳಿಯುತ್ತದೆ, ಪಕ್ಕಕ್ಕೆ ಹಬ್ಬಿ ತೋಟ ಹಾಳು ಮಾಡುವುದಿಲ್ಲ. ಇಳಿಜಾರಿಗೆ ಅಡ್ಡವಾಗಿ, ಒಂದೇ ಮಟ್ಟದಲ್ಲಿ, ಗಿಡದಿಂದ ಗಿಡಕ್ಕೆ 4-6 ಇಂಚು ಬಿಟ್ಟು ಸಾಲು ನೆಡಿ. ಒಂದು ಸಾಲಿಗೂ ಮುಂದಿನದಕ್ಕೂ ಎತ್ತರದಲ್ಲಿ ಮೂರು-ನಾಲ್ಕು ಅಡಿ ವ್ಯತ್ಯಾಸ ಇರಲಿ. ನಡುವೆ ಗ್ಯಾಪ್ ಬಿದ್ದರೆ ನೀರು ಅಲ್ಲೇ ನುಗ್ಗುತ್ತದೆ, ಸತ್ತ ಬುಡದ ಜಾಗಕ್ಕೆ ತಕ್ಷಣ ಬೇರೆ ನೆಡಿ. ಮೊದಲ ಬೇಸಿಗೆ ನೀರು ಹಾಕಬೇಕು, ಆಮೇಲೆ ತಾನೇ ಬದುಕುತ್ತದೆ. ಮೊದಲಿಂದ ಇರುವ ಹೊಂಗೆ, ಲಕ್ಕಿ ಗಿಡಗಳನ್ನು ಕಡಿಯಬೇಡಿ. ತೆಂಗು, ಬಾಳೆಯ ಬೇರು ಮೇಲ್ಮೇಲೆ ಇರುತ್ತದೆ, ಅವು ಇಳಿಜಾರು ಹಿಡಿಯುತ್ತವೆ ಎಂದು ನಂಬಬೇಡಿ.

ಮನೆ ಆದ ಮೇಲೆ

ಯುಗಾದಿ ಕಳೆದ ಕೂಡಲೇ ಒಂದು ಸಲ, ಗೌರಿ ಹಬ್ಬಕ್ಕೆ ಮುಂಚೆ ಇನ್ನೊಂದು ಸಲ ಚರಂಡಿ, ಹೂಳು ಗುಂಡಿ ಎತ್ತಿಸಿ. ಬಸಿ ತೂತುಗಳಿಗೆ ಕಬ್ಬಿಣದ ಸರಳು ಹಾಕಿ ಬಿಡಿಸಿ. ದೊಡ್ಡ ಮಳೆಯ ಮರುದಿನ ಬೆಳಿಗ್ಗೆ ಸೈಟು ಸುತ್ತಿ ಬನ್ನಿ. ತೂತುಗಳಿಂದ ತಿಳಿನೀರು ಬರುತ್ತಿದ್ದರೆ ಗೋಡೆ ಕೆಲಸ ಮಾಡುತ್ತಿದೆ. ಮಳೆ ಬಂದೂ ಒಂದು ಹನಿ ಬಾರದಿದ್ದರೆ ಕಟ್ಟಿಕೊಂಡಿದೆ. ಕೆಸರು ನೀರು ಬಂದರೆ ಒಳಗಿನ ಮಣ್ಣು ಖಾಲಿಯಾಗುತ್ತಿದೆ.

ಇಳಿಜಾರಿನ ನೆತ್ತಿಯಲ್ಲಿ ಬಿಲ್ಲಿನಂತೆ ಬಾಗಿದ ಬಿರುಕು, ವಾಲತೊಡಗಿದ ಬೇಲಿ ಕಂಬ, ಉಬ್ಬಿದ ತಡೆಗೋಡೆ, ಇದ್ದಕ್ಕಿದ್ದಂತೆ ಬಿಗಿಯಾದ ಬಾಗಿಲು, ಹೊಸ ಜಾಗದಲ್ಲಿ ಒರತೆ, ಇವುಗಳಲ್ಲಿ ಯಾವುದು ಕಂಡರೂ ಮೇಸ್ತ್ರಿಯನ್ನಲ್ಲ, ಮಣ್ಣಿನ ಕೆಲಸ ಬಲ್ಲ ಜಿಯೋಟೆಕ್ನಿಕಲ್ ಎಂಜಿನಿಯರ್‌ನ್ನು ಕರೆಸಿ. ಮಳೆ ಸುರಿಯುತ್ತಿರುವಾಗಲೇ ಬಿರುಕು ಅಗಲವಾಗುತ್ತಿದ್ದರೆ ಆ ಹಿಂಬದಿಯ ಕೋಣೆಯಲ್ಲಿ ಯಾರೂ ಮಲಗಬೇಡಿ, ಮಕ್ಕಳು-ವಯಸ್ಸಾದವರನ್ನು ಕರೆದುಕೊಂಡು ನೆಂಟರ ಮನೆಗೆ ಹೋಗಿಬಿಡಿ. ಮಳೆ ನಿಂತ ಮೇಲೆ ಆ ಬಿರುಕಿನ ಮೇಲೆ ಪ್ಲಾಸ್ಟಿಕ್ ಹೊದಿಸಿ, ಒಳಗೆ ನೀರು ಇಳಿಯದಿರಲಿ. ಸಿಮೆಂಟ್ ಮೆತ್ತಬೇಡಿ. ಎರಡೂ ಬದಿಗೆ ಗೂಟ ಹೊಡೆದು, ನಡುವಿನ ಅಂತರ ಅಳೆದು, ದಿನಾಂಕ ಬರೆದು ಫೋಟೊ ತೆಗೆದಿಡಿ. ಎಂಜಿನಿಯರ್ ಬಂದಾಗ ಮೊದಲು ಕೇಳುವುದು ಅದನ್ನೇ.